ಓಡುವ ಜೋಡಿ, ಮುಚ್ಚಿದ ಬ್ಯಾಂಕು

ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದ ದಿನಗಳಲ್ಲಿ, ಬೆಂಗಳೂರಿನ ಫಿಲಂ ಸೊಸೈಟಿಯೊಂದರ ಪ್ರದರ್ಶನದಲ್ಲಿ ನಾನು ‘ಬಾನಿ ಅಂಡ್ ಕ್ಲೈಡ್’ ಚಿತ್ರವನ್ನು ಮೊದಲ ಬಾರಿಗೆ ನೋಡಿದೆ. ಸಾಲ ತೀರಿಸಲಾಗದೆ ಮನೆ ಕಳೆದುಕೊಂಡ ರೈತನೊಬ್ಬ, ತನ್ನ ಅಂಗಳದಲ್ಲಿ ಬ್ಯಾಂಕು ನೆಟ್ಟ ಫಲಕಕ್ಕೆ ಗುಂಡು ಹಾರಿಸುವ ದೃಶ್ಯಕ್ಕೆ ಗೆಳೆಯರೆಲ್ಲ ಸೇರಿ ಚಪ್ಪಾಳೆ ತಟ್ಟಿದ್ದೆವು. ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಈಚೆಗೆ ಅದೇ ಚಿತ್ರವನ್ನು ಮತ್ತೆ ನೋಡಿದಾಗ ಕಣ್ಣು ಬೇರೊಬ್ಬನ ಮೇಲೆ ನಿಂತಿತು. ದರೋಡೆಕೋರರನ್ನು ತಡೆಯಲು ಅವರ ಕಾರಿನ ಪಕ್ಕಕ್ಕೆ ಜಿಗಿದು ಜೋತುಬೀಳುವ, ಮರುಕ್ಷಣವೇ ಮುಖಕ್ಕೆ ಗುಂಡೇಟು ತಿನ್ನುವ ಬ್ಯಾಂಕಿನ ವಯಸ್ಸಾದ ಮನುಷ್ಯ ಅವನು. ಆತನ ಮನೆಯಲ್ಲಿ ಯಾರಿದ್ದರೆಂದು ಚಿತ್ರ ಹೇಳುವುದಿಲ್ಲ. ಕೊಂದವರು ಅಲ್ಲಿಂದ ಓಡಿ ಸಿನಿಮಾ ಮಂದಿರವೊಂದರ ಕತ್ತಲೆಯಲ್ಲಿ ಕುಳಿತುಕೊಳ್ಳುತ್ತಾರೆ. ಅಲ್ಲಿ ಹಣವನ್ನು ಕೊಂಡಾಡುವ ಹಾಡೊಂದು ನಡೆಯುತ್ತಿರುತ್ತದೆ.

ಆರ್ಥರ್ ಪೆನ್ ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 1967ರಲ್ಲಿ. ವಾರೆನ್ ಬೀಟಿ ನಿರ್ಮಾಪಕರೂ ಹೌದು, ನಾಯಕರೂ ಹೌದು. ಫೇ ಡನವೇ ನಾಯಕಿ. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಾಸ್ಲಿ ಕ್ರೌದರ್ ಅದನ್ನು ಕಟುವಾಗಿ ಖಂಡಿಸಿದರೆ, ‘ನ್ಯೂಯಾರ್ಕರ್’ನಲ್ಲಿ ಪಾಲಿನ್ ಕೇಲ್ ಸುದೀರ್ಘ ಲೇಖನ ಬರೆದು ಸಮರ್ಥಿಸಿದರು. 10 ಆಸ್ಕರ್ ನಾಮನಿರ್ದೇಶನಗಳನ್ನು ಪಡೆದು ಎರಡು ಪ್ರಶಸ್ತಿಗಳನ್ನು ಗೆದ್ದ ಈ ಚಿತ್ರ, ತಲೆಮರೆಸಿಕೊಂಡ ಜೋಡಿಯ ಕಥೆಗಳಿಗೆ ಮಾದರಿಯಾಯಿತು.

ಚಿತ್ರ ತೋರಿಸುವ ಬಡತನ ಕಲ್ಪನೆಯಲ್ಲ. 1930ರಿಂದ 1933ರ ನಡುವೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. 1933ರಲ್ಲಿ ದುಡಿಯುವವರ ಪೈಕಿ ಸುಮಾರು ಕಾಲು ಭಾಗದಷ್ಟು ಜನರಿಗೆ ಕೆಲಸವಿರಲಿಲ್ಲ. ಠೇವಣಿದಾರರಿಗೆ ರಾಷ್ಟ್ರಮಟ್ಟದ ವಿಮೆಯ ರಕ್ಷಣೆ ಇರಲಿಲ್ಲ. ಬಾಗಿಲು ಮುಚ್ಚಿತೆಂದರೆ ಉಳಿತಾಯ ಮುಳುಗಿದಂತೆಯೇ. ಕ್ಲೈಡ್ ಪಿಸ್ತೂಲು ಹಿಡಿದು ಒಳನುಗ್ಗಿದ ಬ್ಯಾಂಕು ಆಗಲೇ ದಿವಾಳಿಯೆದ್ದಿರುವ ಪ್ರಸಂಗ ನಗೆ ತರಿಸುತ್ತದೆ, ನಿಜ. ಆದರೆ ಆ ನಗೆಯ ಹಿಂದೆ ಇರುವುದು ಒಂದು ಪೀಳಿಗೆಯ ಕಣ್ಣೀರು.

ಹಾಗೆಂದು ಆ ಸಿಟ್ಟಿಗೆ ಈ ಜೋಡಿ ಪ್ರತಿನಿಧಿಗಳಾಗಿದ್ದರೆ? ಇತಿಹಾಸ ಹಾಗೆ ಹೇಳುವುದಿಲ್ಲ. ಕ್ಲೈಡ್ ಬ್ಯಾರೊ ತಂಡ ಹೆಚ್ಚಾಗಿ ದೋಚಿದ್ದು ಸಣ್ಣ ಅಂಗಡಿಗಳನ್ನು ಮತ್ತು ಪೆಟ್ರೋಲ್ ಬಂಕುಗಳನ್ನು. ಅವರ ಮೇಲಿದ್ದ ಕೊಲೆಗಳ ಆರೋಪ 13. ಸತ್ತವರಲ್ಲಿ ಬಹುಪಾಲು ಜನ ಸಂಬಳಕ್ಕೆ ದುಡಿಯುತ್ತಿದ್ದ ಪೊಲೀಸರು. ಬಡವನನ್ನು ಮನೆಯಿಂದ ಹೊರಹಾಕಿದ ಯಾವ ಬ್ಯಾಂಕಿನ ಒಡೆಯನಿಗೂ ಇವರಿಂದ ನಷ್ಟವಾದಂತೆ ಕಾಣುವುದಿಲ್ಲ.

ಆಡಳಿತದ ಕಣ್ಣಿನಿಂದ ನೋಡಿದರೆ ಇನ್ನೊಂದು ಸಂಗತಿ ಕುತೂಹಲಕರ. ವೇಗದ ಫೋರ್ಡ್ ವಿ-8 ಕಾರು ಮತ್ತು ರಾಜ್ಯಗಳ ಗಡಿ, ಇವೆರಡೇ ಅವರ ಬಂಡವಾಳ. ಒಂದು ರಾಜ್ಯದ ಪೊಲೀಸರ ಅಧಿಕಾರ ಗಡಿಯಲ್ಲಿ ಮುಗಿಯುತ್ತಿತ್ತು. ಕೊಲೆ ಆಯಾ ರಾಜ್ಯದ ವಿಷಯವಾದ್ದರಿಂದ, ಕೇಂದ್ರದ ತನಿಖಾ ಸಂಸ್ಥೆ ಇವರ ಬೆನ್ನು ಹತ್ತಲು ಸಿಕ್ಕ ಕಾರಣ ಕದ್ದ ಕಾರನ್ನು ರಾಜ್ಯದ ಗಡಿ ದಾಟಿಸಿದ ಅಪರಾಧ! ಬ್ಯಾಂಕ್ ದರೋಡೆಯನ್ನೂ ರಾಜ್ಯ ಬಿಟ್ಟು ಪರಾರಿಯಾಗುವುದನ್ನೂ ಕೇಂದ್ರದ ಅಪರಾಧಗಳಾಗಿಸುವ ಕಾಯ್ದೆಗಳಿಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದು 1934ರ ಮೇ 18ರಂದು. ಐದೇ ದಿನಗಳ ನಂತರ, ಮೇ 23ರ ಬೆಳಿಗ್ಗೆ, ಲೂಸಿಯಾನದ ಗ್ರಾಮೀಣ ರಸ್ತೆಯೊಂದರಲ್ಲಿ ಹೊಂಚು ಹಾಕಿದ್ದ ಆರು ಮಂದಿ ಇಬ್ಬರನ್ನೂ ಗುಂಡಿಕ್ಕಿ ಕೊಂದರು. ಆತನಿಗೆ 25, ಆಕೆಗೆ 23 ವರ್ಷ.

ಆ ಆರು ಮಂದಿಯಲ್ಲಿ ಪ್ರಮುಖರಾಗಿದ್ದ ಫ್ರಾಂಕ್ ಹೇಮರ್ ಅವರನ್ನು ಈ ಜೋಡಿ ಮೊದಲೇ ಸೆರೆಹಿಡಿದು ಅವಮಾನಿಸಿತೆಂದು ಚಿತ್ರ ತೋರಿಸುತ್ತದೆ. ಅದು ನಡೆದೇ ಇಲ್ಲ. ಅವರ ಪತ್ನಿ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ರಾಜಿಯಲ್ಲಿ ಪ್ರಕರಣ ಮುಗಿಯಿತು. ಕಲೆಗೆ ಸ್ವಾತಂತ್ರ್ಯ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸತ್ತವರ ಹೆಸರನ್ನು ಬಳಸುವಾಗ ಬದುಕಿರುವವರ ಲೆಕ್ಕವೂ ಇರಬೇಕು.

ಜನರ ಸಂಕಟಕ್ಕೆ ನಿಜವಾದ ಉತ್ತರ ಬಂದದ್ದು ಬೇರೆ ಕಡೆಯಿಂದ. 1933ರ ಬ್ಯಾಂಕಿಂಗ್ ಕಾಯ್ದೆಯ ಫಲವಾಗಿ, 1934ರ ಜನವರಿ 1ರಿಂದ ಅಲ್ಲಿ 2,500 ಡಾಲರ್‌ವರೆಗಿನ ಠೇವಣಿಗೆ ವಿಮೆ ಜಾರಿಯಾಯಿತು. ಆ ವರ್ಷ ವಿಮೆಗೆ ಒಳಪಟ್ಟ ಬ್ಯಾಂಕುಗಳಲ್ಲಿ ಮುಳುಗಿದ್ದು ಒಂಬತ್ತು ಮಾತ್ರ. ನಮ್ಮಲ್ಲಿ ಇಂಥ ವಿಮೆ ಬಂದದ್ದು 1962ರಲ್ಲಿ. ಅದರ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿದ್ದು 2020ರಲ್ಲಿ. ನಾನು ಜಿಲ್ಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಬಾಗಿಲು ಮುಚ್ಚಿದ ಸಹಕಾರಿ ಬ್ಯಾಂಕೊಂದರ ಮುಂದೆ ನಿವೃತ್ತ ಶಿಕ್ಷಕರೊಬ್ಬರು ಪಾಸ್‌ಬುಕ್ ಹಿಡಿದು ನಿಂತಿದ್ದರು. ‘ಮಗಳ ಮದುವೆ ಹಣ ಸಾರ್’ ಎಂದಷ್ಟೇ ಹೇಳಿದರು. ಅವರಿಗೆ ಆ ದಿನ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಠೇವಣಿ ವಿಮೆಯ ಬಗ್ಗೆ ಯಾರೂ ಸಿನಿಮಾ ಮಾಡುವುದಿಲ್ಲ. ಮಾಡಬೇಕೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಕಾನೂನು ತಡವಾಗಿ ಬಂದ ಕಡೆಯಲ್ಲೆಲ್ಲ ಪಿಸ್ತೂಲು ಹಿಡಿದವನು ನಾಯಕನಂತೆ ಕಾಣತೊಡಗುತ್ತಾನೆ. ಅಂದು ಚಪ್ಪಾಳೆ ತಟ್ಟಿದ ನಮ್ಮ ತಪ್ಪಿಗಿಂತ, ಆ ತಡಕ್ಕೆ ಕಾರಣರಾದ ನಮ್ಮಂಥ ಅಧಿಕಾರಿಗಳ ತಪ್ಪು ದೊಡ್ಡದು.