ಬಾಂಡ್ ಪೇಪರ್ ಮೇಲೆ ಮದುವೆ ಮುರಿಯದು

ಗಂಡ ಹೆಂಡತಿಗೆ ಹೊಂದಿಕೆಯಾಗಲಿಲ್ಲ, ಹಿರಿಯರು ಕೂತು ಬುದ್ಧಿ ಹೇಳಿದ್ದೂ ಆಯ್ತು. ಕೊನೆಯ ಪಂಚಾಯ್ತಿಗೆ ಬಾಂಡ್ ಪೇಪರ್ ಬರುತ್ತದೆ. ದಾವಣಗೆರೆ, ಹರಿಹರದ ಕಡೆ ಬಿಡುಗಡೆ ಪತ್ರವೆಂದರೆ ಹೆಚ್ಚೂಕಡಿಮೆ ಒಂದೇ ಒಕ್ಕಣೆ: ‘ನಾವಿಬ್ಬರೂ ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ...’ ಹಾಕಿದ ಒಡವೆ ವಾಪಸ್, ಕೊಟ್ಟ ಪಾತ್ರೆ ಪಗಡ ವಾಪಸ್, ಇಂತಿಷ್ಟು ರೊಕ್ಕ. ‘ಮುಂದೆ ಜೀವನಾಂಶ ಕೇಳತಕ್ಕದ್ದಲ್ಲ.’ ‘ಬೇರೆ ಮದುವೆಗೆ ನಮ್ಮದೇನೂ ತಕರಾರಿಲ್ಲ.’ ಕೆಳಗೆ ಎರಡೂ ಕಡೆಯ ಪಂಚರ ಸಹಿ, ನೋಟರಿಯ ಸೀಲು. ನೋಡಿದವರು ಕೋರ್ಟಿನ ಆದೇಶವೆಂದೇ ನಂಬಬೇಕು, ಹಾಗಿರುತ್ತದೆ.

ಆದರೆ ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ವಿಚ್ಛೇದನ ಕೊಡುವುದು ನ್ಯಾಯಾಲಯದ ಡಿಕ್ರಿ ಮಾತ್ರ. ಕಲಂ 29(2) ಒಂದು ಕಿಂಡಿ ಬಿಟ್ಟಿದೆ, ನಿಜ: ಸಮುದಾಯದಲ್ಲಿ ರೂಢಿಯಿಂದ ಬಂದ ಬಿಡುಗಡೆಯಿದ್ದರೆ ಅದಕ್ಕೆ ಮಾನ್ಯತೆ ಉಂಟು. ಕರ್ನಾಟಕದಿಂದಲೇ ಹೋದ ಇಂಥದೊಂದು ಬಿಡುಗಡೆ ಪತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ, ಅಂಥ ರೂಢಿ ಇದೆ ಎಂದು ಹೇಳುವವರೇ ಅದನ್ನು ಸಾಕ್ಷ್ಯದಿಂದ ಸಾಬೀತು ಮಾಡಬೇಕು ಎಂದಿತು. ‘ನಮ್ಮಲ್ಲಿ ಹಿಂದಿನಿಂದ ಹೀಗೇ’ ಎಂಬ ಮಾತು ಪಂಚಾಯ್ತಿ ಕಟ್ಟೆಗೆ ಸಾಕು, ಸಾಕ್ಷಿಕಟ್ಟೆಗೆ ಸಾಲದು. 2024ರಲ್ಲಂತೂ ಕೇಂದ್ರ ಕಾನೂನು ಸಚಿವಾಲಯ ನೋಟರಿಗಳಿಗೆ, ಮದುವೆ ಅಥವಾ ವಿಚ್ಛೇದನದ ಪತ್ರ ಮಾಡಿಕೊಡುವ ಅಧಿಕಾರ ನಿಮಗಿಲ್ಲ ಎಂದು ಸ್ಪಷ್ಟವಾಗಿಯೇ ತಿಳಿಸಿತು.

ಪರಿಶಿಷ್ಟ ಪಂಗಡದವರ ಮಾತು ಬೇರೆ. ವಾಲ್ಮೀಕಿ ನಾಯಕರ ಗುರುಪೀಠ ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲೇ ಇದೆ. ಆ ಸಮುದಾಯದವರು ಈ ಸೀಮೆಯಲ್ಲಿ ಬಹಳ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡಗಳಿಗೆ ಈ ಕಾಯ್ದೆ ಅನ್ವಯಿಸದು ಎನ್ನುತ್ತದೆ ಕಲಂ 2(2). ಅಲ್ಲಿ ರೂಢಿಗೇ ತೂಕ. ಆದರೂ ತಕರಾರು ಎದ್ದರೆ ರೂಢಿಯನ್ನು ತೋರಿಸುವ ಹೊರೆ ತಪ್ಪಿದ್ದಲ್ಲ.

ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ನಡೆದುಕೊಳ್ಳುವ ಕ್ರೈಸ್ತರಿಗೂ ಇದೇ ತೊಡಕಿನ ಇನ್ನೊಂದು ರೂಪವಿದೆ. ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದರೂ ಸರ್ಕಾರದ ಲೆಕ್ಕದಲ್ಲಿ ಆ ಮದುವೆ ಊರ್ಜಿತವೇ. ಆ ತೀರ್ಪಿಗೆ ಕಾನೂನಿನ ಮಾನ್ಯತೆ ಕೊಡಿ ಎಂದು ದಕ್ಷಿಣ ಕನ್ನಡದ ಕ್ಲಾರೆನ್ಸ್ ಪೈಸ್ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿತು.

ಬಾಂಡ್ ಪೇಪರ್ ನಂಬಿ ಗಂಡ ಇನ್ನೊಂದು ಮದುವೆಯಾದನೆನ್ನಿ. ಮೊದಲಿನವಳು ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 82ರಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ನಿಜವಾಗಿ ಬೀದಿಗೆ ಬೀಳುವವಳು ಎರಡನೆಯವಳು. ಅವಳ ಮದುವೆಯೇ ಅಸಿಂಧು. ಗಂಡ ಸತ್ತ ಮೇಲೆ ಪಿಂಚಣಿಗೆ ಅರ್ಜಿ ಹಾಕಲು ಹೋದಾಗಲೇ ಎಷ್ಟೋ ಹೆಂಗಸರಿಗೆ ಇದು ಗೊತ್ತಾಗುವುದು. ಮಕ್ಕಳನ್ನು ಮಾತ್ರ ಕಾನೂನು ಕೈ ಬಿಟ್ಟಿಲ್ಲ: ಕರ್ನಾಟಕದ್ದೇ ಆದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲಿ ಇಂಥ ಮಕ್ಕಳಿಗೂ ಹಕ್ಕಿದೆ ಎಂದಿತು.

ಇನ್ನು ‘ಜೀವನಾಂಶ ಕೇಳತಕ್ಕದ್ದಲ್ಲ’ ಎಂಬ ಸಾಲು. ಹೆಣ್ಣಿನ ಕಡೆಯವರು ಹೆದರುವುದು ಇದಕ್ಕೇ. ಹೊಟ್ಟೆಪಾಡಿನ ಹಕ್ಕನ್ನು ಹೀಗೆ ಬರೆಸಿಕೊಂಡು ಕಳೆಯುವುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಜೀವನಾಂಶಕ್ಕೆಂದಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 125ನೇ ಕಲಂ ಈಗ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. 2020ರ ರಜನೀಶ್–ನೇಹಾ ತೀರ್ಪಿನ ಮೇಲೆ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಸಲ್ಲಿಸಬೇಕು. ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು.

ಹಾಗಾದರೆ ಜನ ಕೋರ್ಟಿಗೇಕೆ ಹೋಗರು? ವಾಯಿದೆ ಮೇಲೆ ವಾಯಿದೆ ಬೀಳುತ್ತದೆಂಬ ಭಯ. ಅದು ಸುಳ್ಳು ಭಯವೂ ಅಲ್ಲ. ಆದರೆ ಬಾಂಡ್ ಪೇಪರಿಗೆ ಸಹಿ ಹಾಕುವಷ್ಟು ಒಪ್ಪಿಗೆ ಇಬ್ಬರಿಗೂ ಇದ್ದರೆ ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯಲು ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಇದ್ದೇ ಇದೆಯಲ್ಲ! ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ. ಆರು ತಿಂಗಳ ಕಾಯುವಿಕೆಯನ್ನು ತಕ್ಕ ಕಾರಣವಿದ್ದರೆ ಕೆಳ ನ್ಯಾಯಾಲಯವೇ ಬಿಡಬಹುದೆಂದು 2017ರಲ್ಲೇ ತೀರ್ಪಾಗಿದೆ. ಪಂಚರು ಮಾಡಿದ ಕೊಡು–ಕೊಳ್ಳುವ ಮಾತೂ ವ್ಯರ್ಥವಲ್ಲ. ಅದನ್ನೇ ಜಂಟಿ ಅರ್ಜಿಯಲ್ಲಿ ಬರೆಸಬಹುದು. ಹಿರಿಯರ ಶ್ರಮ ಅಲ್ಲಿಗೆ ಸಾರ್ಥಕ.

ಕೇಸು ಎಲ್ಲಿ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಗಂಡ ಬೆಂಗಳೂರಿನಲ್ಲಿದ್ದರೂ ಹರಿಹರದ ತವರಿನಲ್ಲಿರುವ ಹೆಂಡತಿ ತಾನಿರುವ ಕಡೆಯೇ ಅರ್ಜಿ ಹಾಕಬಹುದು. 2003ರ ತಿದ್ದುಪಡಿ ಕೊಟ್ಟ ಅನುಕೂಲವಿದು. ಅವನೇ ಮೊದಲು ಅಲ್ಲಿ ಕೇಸು ಹಾಕಿದ್ದರೆ ಈ ಕಡೆಗೆ ವರ್ಗಾಯಿಸಿ ಎಂದು ಹೈಕೋರ್ಟನ್ನು ಕೇಳಬಹುದು. ತುಂಗಭದ್ರೆ ಸೇತುವೆ ದಾಟಿ ಕುಮಾರಪಟ್ಟಣದ ಮನೆಗೆ ಸೊಸೆಯಾಗಿ ಹೋದವಳ ಕಥೆ ಇನ್ನೂ ವಿಚಿತ್ರ: ಅದು ಹಾವೇರಿ ಜಿಲ್ಲೆ, ಮೇಲ್ಮನವಿ ಧಾರವಾಡ ಪೀಠಕ್ಕೆ. ಹೊಳೆಯ ಈ ದಡದಲ್ಲಿ ಕೇಸು ನಡೆದರೆ ಮೇಲ್ಮನವಿ ಬೆಂಗಳೂರಿಗೆ. ವಕೀಲರ ಫೀಜಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.