ಗುಡ್ಡದ ದಾರಿಗೆ ಪೆಟ್ರೋಲಿನ ಲೆಕ್ಕವೇ ಬೇರೆ

ಮಡಕಶಿರಾ ಸೀಮೆಯ ನಮ್ಮಂಥವರಿಗೆ ಒಂದು ಹಳೇ ಚಾಳಿ ಇದೆ. ಆಂಧ್ರದ ಬಂಕಿಗಿಂತ ಕರ್ನಾಟಕದ ಬಂಕಿನಲ್ಲಿ ಪೆಟ್ರೋಲು ಲೀಟರಿಗೆ ಕೆಲವು ರೂಪಾಯಿ ಅಗ್ಗ. ಹಾಗಾಗಿ ಗಡಿಯ ಈಚೆ ನೂರಕ್ಕೋ ಇನ್ನೂರಕ್ಕೋ ಹಾಕಿಸಿಕೊಂಡು ಓಡಾಡುತ್ತೇವೆ. ಶಿರಾಕ್ಕೋ ಪಾವಗಡಕ್ಕೋ ಹೋದಾಗ ಟ್ಯಾಂಕು ತುಂಬಿಸುತ್ತೇವೆ. ಕಡಲೇಕಾಯಿ, ಅಡಿಕೆ ವ್ಯಾಪಾರ ಮಾಡುವ ನಾನು ಈ ಉಳಿತಾಯವನ್ನು ಜಾಣತನ ಅಂತಲೇ ತಿಳಿದಿದ್ದೆ. ಹೋದ ಬೇಸಿಗೆಯಲ್ಲಿ ಅದೇ ಜಾಣತನ ನನ್ನನ್ನೂ ಅಕ್ಕನ ಮಗನನ್ನೂ ಕರಡಿ ಓಡಾಡುವ ಗುಡ್ಡದ ಬುಡದಲ್ಲಿ ನಿಲ್ಲಿಸಿಬಿಟ್ಟಿತು.

ನಮ್ಮದು ಹೀರೋ ಎಕ್ಸ್‌ಪಲ್ಸ್ 200. ಕಲ್ಲು ದಾರಿಗೆಂದೇ ಮಾಡಿದ ಗಾಡಿ. ಟ್ಯಾಂಕು 13 ಲೀಟರು. ಅಗಳಿ ಕಡೆಯಿಂದ ಹೊರಟು, ರತ್ನಗಿರಿ ಕೋಟೆ ನೋಡಿಕೊಂಡು, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಈಗಿನ ಹೇಮಾವತಿಯಲ್ಲಿ ಕೈ ಮುಗಿದು, ಬಂಡಿ ಜಾಡು ಹಿಡಿದು ನಿಡಗಲ್ಲು ಬೆಟ್ಟದ ಕಡೆ ಹೋಗುವುದು. ಅಲ್ಲಿಂದಾಚೆ ಕರ್ನಾಟಕದ ಬಂಕಿನಲ್ಲಿ ಟ್ಯಾಂಕು ತುಂಬಿಸುವುದು. ಸುತ್ತುಬಳಸಿ ಸುಮಾರು 75 ಕಿಲೋಮೀಟರು ಅಂತ ಅಂದಾಜು.

‘ಮಾವ, ಟ್ಯಾಂಕಲ್ಲಿ ಮೂರೇ ಲೀಟರು ಇರೋದು. ಇಲ್ಲೇ ಹಾಕಿಸೋಣ್ವಾ?’ ಅಂತ ಹುಡುಗ ಕೇಳಿದ.

‘ಲೀಟರಿಗೆ 40 ಕೊಡ್ತದೆ ಕಣೋ. ಮೂರ್ ನಾಲ್ಕ್ಲೆ ಹನ್ನೆರಡು, ನೂರಾ ಇಪ್ಪತ್ತು ಕಿಲೋಮೀಟರು ಆಯ್ತು. ಸುಮ್ನೆ ನಡಿ’ ಅಂದೆ.

62 ಕಿಲೋಮೀಟರಿಗೆ ಗಾಡಿ ಕೆಮ್ಮಿತು, ಎರಡು ಸಲ ಗುಕ್ಕೆಂದು ನಿಂತಿತು. ಸಂಜೆ ಐದೂವರೆ. ನೀರಿನ ಬಾಟಲಿಯಲ್ಲಿ ಎರಡು ಗುಟುಕು. ಸುಮಾರು 160 ಕಿಲೋ ತೂಕದ ಗಾಡಿಯನ್ನು ಮರಳಲ್ಲಿ ತಳ್ಳುವುದು ಏನೆಂದು ಅವತ್ತು ಗೊತ್ತಾಯಿತು. ಅರ್ಧ ಗಂಟೆ ತಳ್ಳಿದ ಮೇಲೆ ಒಂದು ಕುರಿ ರೊಪ್ಪ ಕಂಡಿತು. ಮುದುಕ ಮೊದಲು ತೆಲುಗಿನಲ್ಲಿ ಗದರಿದ, ಕತ್ತಲಾದರೆ ಇಲ್ಲಿ ಎಲುಗುಬಂಟಿ ಇಳಿಯುತ್ತೆ ಅಂತ. ನಾವಿಬ್ಬರು ಮಾತಾಡಿಕೊಳ್ಳುವುದು ಕೇಳಿ, ‘ನಮ್ಮೋರೇ ಏನು? ಕರಡಿ ಅಂತ ಆಗ್ಲೇ ಹೇಳ್ಬೋದಿತ್ತಲ್ಲ’ ಅಂತ ನಕ್ಕ. ಅವನ ಮಗನ ಟಿವಿಎಸ್ ಎಕ್ಸ್‌ಎಲ್ ಗಾಡಿಯಿಂದ ಪೈಪು ಹಾಕಿ ಒಂದು ಲೀಟರು ತೆಗೆದುಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಲೆಕ್ಕ ತಪ್ಪಿದ್ದೆಲ್ಲಿ?

ಮನೆಗೆ ಬಂದ ಮೇಲೆ ಹುಡುಗ ಒಂದು ನೋಟ್‌ಬುಕ್ ಇಟ್ಟ. ಟ್ಯಾಂಕು ಬಾಯಿವರೆಗೆ ತುಂಬಿಸುವುದು, ಓಡಿಸುವುದು, ಮತ್ತೆ ಅದೇ ಬಂಕಿನಲ್ಲಿ ಅಷ್ಟೇ ಮಟ್ಟಕ್ಕೆ ತುಂಬಿಸುವುದು. ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸುವುದು. ನಮ್ಮ ಗಾಡಿಗೆ ಸಿಕ್ಕ ಲೆಕ್ಕ ಇದು: ತಾರು ರಸ್ತೆಯಲ್ಲಿ ಲೀಟರಿಗೆ 41 ಕಿಲೋಮೀಟರು, ಗಟ್ಟಿ ಬಂಡಿ ಜಾಡಿನಲ್ಲಿ 30, ಇಬ್ಬರು ಕೂತು ಹಳ್ಳದ ಮರಳು, ಕಲ್ಲು ಏರು ಎಲ್ಲ ದಾಟಿದರೆ 22. ನನ್ನ 120 ಕಿಲೋಮೀಟರಿನ ಲೆಕ್ಕ ನಿಜವಾಗಿ 66 ಆಗಿತ್ತು.

ಏರು ಹತ್ತಿದ್ದಕ್ಕೇ ಇಷ್ಟು ಕುಡಿಯಿತು ಅಂತ ಅಂದುಕೊಂಡಿದ್ದೆ. ಅದೂ ಸರಿಯಲ್ಲ. ಗಾಡಿ, ಇಬ್ಬರು ಸವಾರರು ಸೇರಿ 300 ಕಿಲೋ ಅಂತಿಟ್ಟುಕೊಳ್ಳಿ. ಅಷ್ಟು ತೂಕವನ್ನು 300 ಮೀಟರು ಮೇಲೆ ಎತ್ತಲು, ಇಂಜಿನ್ನಿನಲ್ಲಿ ಶಾಖವಾಗಿ ಹೋಗುವ ಪಾಲನ್ನೂ ಸೇರಿಸಿದರೆ, ಬೇಕಾಗುವ ಪೆಟ್ರೋಲು ಸುಮಾರು 150 ಮಿಲಿಲೀಟರು. ಒಂದು ಟೀ ಲೋಟದಷ್ಟು. ಉಳಿದದ್ದನ್ನು ಕುಡಿಯುವುದು ಮರಳು, ಸಣ್ಣ ಗೇರು ಮತ್ತು ಕ್ಲಚ್ಚು. ಮರಳಲ್ಲಿ ಚಕ್ರ ಹೂತು ಹೂತು ಉರುಳುತ್ತದೆ. ಒಂದನೇ ಗೇರಿನಲ್ಲಿ ಅದೇ ಒಂದು ಕಿಲೋಮೀಟರಿಗೆ ಇಂಜಿನ್ನು ಎಷ್ಟೋ ಪಟ್ಟು ಹೆಚ್ಚು ಸುತ್ತು ತಿರುಗುತ್ತದೆ. ಅರ್ಧ ಕ್ಲಚ್ಚು ಹಿಡಿದು ಓಡಿಸಿದರೆ ಶಕ್ತಿ ಚಕ್ರಕ್ಕೆ ಮುಟ್ಟದೆ ಕ್ಲಚ್ಚಿನಲ್ಲೇ ಸುಡುತ್ತದೆ. ಹಿಡಿತಕ್ಕೆಂದು ಟೈರಿನ ಗಾಳಿ ಇಳಿಸಿದ್ದರೆ ಗಟ್ಟಿ ನೆಲದಲ್ಲಿ ಅದೂ ಒಂದಿಷ್ಟು ತಿನ್ನುತ್ತದೆ. ತಾರು ಸಿಕ್ಕ ಕೂಡಲೇ ಮತ್ತೆ ಗಾಳಿ ತುಂಬಿಸಬೇಕು.

ಇನ್ನೊಂದು ಸಂಗತಿ ರೈತರಿಗೆ ಗೊತ್ತಿರಲಿ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಸೇರಿತು. ನಾವು ಬೆಳೆಯುವ ಕಬ್ಬು, ಮುಸುಕಿನ ಜೋಳದಿಂದಲೇ ಅದು ಆಗುವುದು. ಬೆಳೆಗೆ ಗಿರಾಕಿ ಸಿಕ್ಕಿದ್ದು ಒಳ್ಳೆಯದೇ. ಆದರೆ ಒಂದು ಲೀಟರು ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಬೆರಕೆಯ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ಕಮ್ಮಿ. ಹತ್ತು ವರ್ಷದ ಹಿಂದಿನ ಮೈಲೇಜನ್ನು ಇವತ್ತಿಗೆ ನಂಬಬೇಡಿ.

ರಿಸರ್ವ್ ಇಲ್ಲದ ಕಾಲ

ನಮ್ಮ ಕಾಲದ ರಾಜದೂತ್, ಆರ್‌ಎಕ್ಸ್ 100ಕ್ಕೆ ರಿಸರ್ವ್ ನಲ್ಲಿ ಇತ್ತು. ಗಾಡಿ ನಿಂತರೆ ಕೆಳಗೆ ಕೈ ಹಾಕಿ ತಿರುಗಿಸಿದರೆ ಊರು ಮುಟ್ಟುತ್ತಿದ್ದೆವು. ಈಗಿನ ಇಂಜೆಕ್ಷನ್ ಗಾಡಿಗಳಿಗೆ ಆ ನಲ್ಲಿಯಿಲ್ಲ, ಒಂದು ದೀಪ ಮಿಣುಕುತ್ತದೆ ಅಷ್ಟೇ. ಏರಿಳಿತದಲ್ಲಿ ಪೆಟ್ರೋಲು ಹಿಂದೆ ಮುಂದೆ ತುಳುಕಿ ಮುಳ್ಳು ಸುಳ್ಳು ಹೇಳುತ್ತದೆ. ಟ್ಯಾಂಕಿನೊಳಗಿನ ಪಂಪು ತಣ್ಣಗಿರುವುದೂ ಪೆಟ್ರೋಲಿನಿಂದಲೇ. ಪದೇ ಪದೇ ಒಣಗಿಸಿದರೆ ಪಂಪಿಗೇ ಕೇಡು.

ಟ್ಯಾಂಕಿನ ಗಾತ್ರವೂ ಗಾಡಿಗೊಂದು ಥರ. 2016ರ ಹಿಮಾಲಯನ್‌ಗೆ 15 ಲೀಟರು, 2023ರಲ್ಲಿ ಬಂದ ಹೊಸದಕ್ಕೆ 17. ಕವಾಸಾಕಿ ಕೆಎಲ್‌ಎಕ್ಸ್ 230ಕ್ಕೆ 7.6 ಮಾತ್ರ, ಹಗುರ ಗಾಡಿ, ಆದರೆ ದೂರ ಹೋಗುವಂತಿಲ್ಲ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಅಂಥ ಮರಳುಗಾಡಿನ ಓಟಕ್ಕೆ ಕೆಟಿಎಂ ಮಾಡುವ 450 ಸಿಸಿ ಗಾಡಿ ಹೊರುವುದು 33 ಲೀಟರು. ಮರಳಿನ ಹಸಿವು ಎಷ್ಟೆಂದು ಅದರಿಂದಲೇ ತಿಳಿಯಿರಿ.

ಈಗ ನಾವು ಪಾಲಿಸುವ ಲೆಕ್ಕ ಸುಲಭ. ಟ್ಯಾಂಕಿನ ಲೀಟರನ್ನು ಗುಡ್ಡದ ಮೈಲೇಜಿನಿಂದ ಗುಣಿಸಿ, ಮೂರರಲ್ಲಿ ಒಂದು ಪಾಲು ಕಳೆಯುವುದು. 13 ಲೀಟರಿಗೆ 22ರಂತೆ 286. ಅದರಲ್ಲಿ ಎರಡು ಪಾಲು ಅಂದರೆ ಸುಮಾರು 190 ಕಿಲೋಮೀಟರು. ಅಷ್ಟರೊಳಗೆ ಬಂಕು ಸಿಗಲೇಬೇಕು. ಉಳಿದ ಪಾಲು ದಾರಿ ತಪ್ಪಿದರೆ, ಹಳ್ಳ ಬಂದು ಸುತ್ತು ಹಾಕಬೇಕಾದರೆ ಬೇಕಾದೀತು. ಜೊತೆಯಲ್ಲಿ ಒಯ್ಯಲೇಬೇಕಾದರೆ ಬಿಗಿ ಮುಚ್ಚಳದ ತಗಡಿನ ಡಬ್ಬಿ, ಅದೂ ಕಂಠಪೂರ್ತಿ ಅಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ಬೇಡವೇ ಬೇಡ. ಹಲವು ಗಾಡಿ ಹೊರಟರೆ, ಚಿಕ್ಕ ಟ್ಯಾಂಕಿನವನ ಲೆಕ್ಕವೇ ಎಲ್ಲರ ಲೆಕ್ಕ.

ಮೂರು ಲೀಟರಿಗೆ ಹೆಚ್ಚೆಂದರೆ ಇಪ್ಪತ್ತು ರೂಪಾಯಿ ಉಳಿಸಲು ಹೋಗಿ ಅವತ್ತು ಮಗುವಿನಂಥ ಹುಡುಗನನ್ನು ಕತ್ತಲಿಗೆ ಒಡ್ಡಿದ್ದೆ. ಅಕ್ಕ ಇವತ್ತಿಗೂ ಅದನ್ನು ಎತ್ತಾಡುತ್ತಾಳೆ. ಮುಂದಿನ ತಿಂಗಳು ರೊಪ್ಪಕ್ಕೆ ಹೋಗಿ ಮುದುಕನಿಗೆ ಒಂದು ಲೀಟರು ಪೆಟ್ರೋಲು, ಒಂದು ಚೀಲ ಕಡಲೇಕಾಯಿ ಕೊಟ್ಟು ಬಂದೆವು. ಹೊರಡುವ ಮೊದಲು ಟ್ಯಾಂಕು ತುಂಬಿಸಿದ್ದು ನಮ್ಮೂರ ಕಡೆಯ ಬಂಕಿನಲ್ಲೇ.