ಬೀದರಿನ ಐತಿಹ್ಯಗಳಲ್ಲಿ ಅಡಗಿರುವ ನೀರು

ಬೀದರಿನ ಝರಣಿ ನರಸಿಂಹನ ದರ್ಶನ ಬಯಸಿದವರು ಮೊದಲು ನೀರಿಗಿಳಿಯಬೇಕು. ಕೆಂಪು ಕಲ್ಲಿನ ಗುಡ್ಡವನ್ನು ಕೊರೆದಂತಿರುವ ನೂರಾರು ಅಡಿ ಉದ್ದದ ಗುಹೆಯಲ್ಲಿ, ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ತಲೆಯ ಮೇಲೆ ಬಾವಲಿಗಳು ತೂಗುತ್ತಿರುತ್ತವೆ. ತಂದೆಯರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಗುತ್ತಾರೆ. ಗುಹೆಯ ಕೊನೆಯಲ್ಲಿ ಬೆರಳೆಣಿಕೆಯ ಜನರಷ್ಟೇ ನಿಲ್ಲಬಹುದಾದ ಜಾಗ. ಅಲ್ಲಿ ಒಂದು ಶಿವಲಿಂಗ, ಗೋಡೆಯಲ್ಲಿ ನರಸಿಂಹನ ಮೂರ್ತಿ.

ಸ್ಥಳಪುರಾಣ ಹೇಳುವ ಕಥೆ ಹೀಗಿದೆ: ಹಿರಣ್ಯಕಶಿಪುವನ್ನು ಸಂಹರಿಸಿದ ನರಸಿಂಹ, ಶಿವಭಕ್ತನಾಗಿದ್ದ ಜಲಾಸುರನೆಂಬ ರಕ್ಕಸನನ್ನು ಕೊಲ್ಲಲು ಇಲ್ಲಿಗೆ ಬಂದ. ಸಾಯುವ ಹೊತ್ತಿಗೆ ಅಸುರ ಒಂದು ವರ ಬೇಡಿದ. ಸ್ವಾಮಿ ಈ ಗುಹೆಯಲ್ಲಿಯೇ ನೆಲೆಸಬೇಕು, ಭಕ್ತರ ಇಷ್ಟಾರ್ಥ ಸಲ್ಲಿಸಬೇಕು. ವರ ದೊರೆಯಿತು. ಅಸುರ ನೀರಾಗಿ ಸ್ವಾಮಿಯ ಪಾದದಿಂದ ಹರಿಯತೊಡಗಿದ. ಹೀಗೆ ಇಲ್ಲಿಗೆ ಬರುವ ಪ್ರತಿಯೊಬ್ಬ ಭಕ್ತನೂ ದೇವರನ್ನು ಕಾಣುವ ಮೊದಲು ಆ ಅಸುರನನ್ನು ದಾಟಿಕೊಂಡೇ ಹೋಗುತ್ತಾನೆ. ವೈರಿಯನ್ನು ನೀರಾಗಿಸಿ ಜನರಿಗೆ ಉಪಕಾರಿಯನ್ನಾಗಿ ಮಾಡಿದ ಈ ಕಲ್ಪನೆಯ ಹಿಂದಿರುವ ಔದಾರ್ಯ ಸಣ್ಣದಲ್ಲ.

ಬೀದರಿನಲ್ಲಿ ಇಂಥ ಕಥೆ ಇದೊಂದೇ ಅಲ್ಲ. ಅದೇ ಊರಿನ ಪಾಪನಾಶ ಕ್ಷೇತ್ರದ ಶಿವಲಿಂಗವನ್ನು ಲಂಕೆಯಿಂದ ಅಯೋಧ್ಯೆಗೆ ಮರಳುವಾಗ ಶ್ರೀರಾಮನೇ ಪ್ರತಿಷ್ಠಾಪಿಸಿದನೆಂದು ಜನ ನಂಬುತ್ತಾರೆ. ಗುಡಿಯ ಕೆಳಗಿನ ಕೊಳದಲ್ಲಿ ಮಿಂದವರ ಪಾಪ ಕಳೆಯುತ್ತದೆ ಎಂಬುದು ಆ ಹೆಸರಿನ ಅರ್ಥ. ಶಿವರಾತ್ರಿಯಂದು ಅಲ್ಲಿ ಜನಸಾಗರವೇ ನೆರೆಯುತ್ತದೆ. ಇನ್ನೊಂದು ದಿಕ್ಕಿಗೆ ಹೋದರೆ ಸಿಖ್ಖರ ಪವಿತ್ರ ಕ್ಷೇತ್ರ ನಾನಕ್ ಝೀರಾ. 16ನೇ ಶತಮಾನದ ಆರಂಭದಲ್ಲಿ ದಕ್ಷಿಣದ ಯಾತ್ರೆಯಲ್ಲಿದ್ದ ಗುರು ನಾನಕರು ಇಲ್ಲಿಗೆ ಬಂದಾಗ, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರ ಮೊರೆ ಕೇಳಿ ಬೆಟ್ಟದ ಕಲ್ಲನ್ನು ಪಾದದಿಂದ ಸರಿಸಿದರಂತೆ, ಝರಿ ಚಿಮ್ಮಿತಂತೆ. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಯೊಡ್ಡಿದ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಈ ಬೀದರಿನವರೆಂಬುದು ಸಿಖ್ ಪರಂಪರೆಯ ಹೆಮ್ಮೆ.

ಊರಿನ ಹೆಸರಿಗೂ ಕಥೆಗಳ ಕೊರತೆಯಿಲ್ಲ. ಮಹಾಭಾರತದ ವಿದುರ ನೆಲೆಸಿದ್ದರಿಂದ ವಿದುರನಗರವೆನ್ನುವವರಿದ್ದಾರೆ. ದಮಯಂತಿಯ ತವರಾದ ವಿದರ್ಭ ಇದೇ ಎನ್ನುವವರಿದ್ದಾರೆ. ಫೆರಿಶ್ತಾನಂಥ ಪಾರ್ಸಿ ಇತಿಹಾಸಕಾರನೂ ಆ ಮಾತನ್ನು ದಾಖಲಿಸಿದ್ದಾನೆ. ಬಿದಿರು ಬೆಳೆಯುತ್ತಿದ್ದ ಊರು ಎಂಬ ಸರಳ ವಿವರಣೆಯೂ ಇದೆ. ಇವುಗಳಲ್ಲಿ ಯಾವುದು ನಿಜ ಎಂಬ ವಾದಕ್ಕೆ ಕೊನೆಯಿಲ್ಲ. ಆದರೆ ಝರಿಗಳ ಕಥೆಗಳಿಗೆ ಬೇರೊಂದು ಬಗೆಯ ಸಾಕ್ಷಿಯಿದೆ. ಅದು ನಮ್ಮ ಕಾಲ ಕೆಳಗೇ ಇದೆ.

ಬೀದರ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ ಕುಳಿತಿದೆ. ಮೇಲ್ಭಾಗದಲ್ಲಿ ತೂತುತೂತಾದ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ನೀರನ್ನು ಸುಲಭವಾಗಿ ಬಿಟ್ಟುಕೊಡದ ಜೇಡಿಯ ಪದರ, ಅದಕ್ಕೂ ಕೆಳಗೆ ದಖ್ಖನ್ನಿನ ಕರಿಕಲ್ಲು. ಬಿದ್ದ ಮಳೆ ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಜೇಡಿಯ ಮೇಲೆ ತಂಗಿ, ನಿಧಾನವಾಗಿ ಪಕ್ಕಕ್ಕೆ ಸರಿದು, ಪ್ರಸ್ಥಭೂಮಿ ಮುಗಿಯುವ ಕಡೆ ಝರಿಯಾಗಿ ಹೊರಬೀಳುತ್ತದೆ. ಅಂಥ ಜಾಗಗಳಲ್ಲೇ ಒಂದು ಗುಡಿ, ಒಂದು ಕೊಳ, ಒಂದು ಗುರುದ್ವಾರ ಎದ್ದು ನಿಂತಿವೆ. ಸುತ್ತಲ ಬಯಲು ಬೇಸಿಗೆಯಲ್ಲಿ ಒಣಗಿ ಬಿರಿಯುವಾಗ ಬಂಡೆಯ ಸಂದಿಯಿಂದ ತಣ್ಣನೆಯ ನೀರು ಒಸರುವುದನ್ನು ಕಂಡ ಜನ ಅದನ್ನು ಪವಾಡವೆನ್ನದೆ ಇನ್ನೇನೆಂದಾರು?

ಈ ಗುಟ್ಟನ್ನು ಪುರಾಣಗಳಂತೆ ಅರಸರೂ ಅರಿತಿದ್ದರು. 1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ. ಪರ್ಷಿಯಾದ ತಂತ್ರವನ್ನು ಅನುಸರಿಸಿ ಇಲ್ಲಿ ಕಾರೇಜ್ ಎಂಬ ನೆಲದಡಿಯ ನಾಲೆಗಳನ್ನು ತೋಡಿದ್ದು ಆ ಕಾಲದಲ್ಲಿಯೇ. ನೌಬಾದಿನ ಕಾರೇಜ್ ಎರಡು ಕಿಲೋಮೀಟರಿಗೂ ಉದ್ದವಾದದ್ದು. ನೆಲದಾಳದ ಸುರಂಗ, ಅದಕ್ಕೆ ಗಾಳಿಬೆಳಕು ನೀಡುವ, ನೀರು ಸೇದಲೂ ಒದಗುವ ಬಾವಿಗಳ ಸಾಲು. ಪಂಪಿಲ್ಲದೆ, ಬರಿಯ ಇಳಿಜಾರಿನ ಬಲದಿಂದ ನೀರು ಹರಿಯುತ್ತಿತ್ತು. ಜನ ಇದನ್ನು ಸುರಂಗ ಬಾವಿ ಎಂದು ಕರೆದರು, ಕಾಲಕ್ರಮದಲ್ಲಿ ಮರೆತರು. 2010ರ ದಶಕದಲ್ಲಿ ಭೂಗೋಳ ತಜ್ಞ ವಿ. ಗೋವಿಂದನ್‌ಕುಟ್ಟಿಯವರಂಥ ಸಂಶೋಧಕರು ಅದರ ಜಾಡು ಹಿಡಿದ ಮೇಲೆ ಹೂಳು ತೆಗೆಯುವ ಕೆಲಸ ನಡೆಯಿತು.

ಕಾರೇಜನ್ನು ನಾವು ಮರೆತೆವು, ಝರಣಿಯನ್ನು ಮರೆಯಲಿಲ್ಲ. ಎರಡರಲ್ಲೂ ಹರಿದದ್ದು ಅದೇ ಪದರದ ನೀರು. ವ್ಯತ್ಯಾಸ ಒಂದೇ: ಝರಣಿಗೆ ಕಥೆಯಿತ್ತು, ಕಾರೇಜಿಗೆ ಇರಲಿಲ್ಲ. ಅರಸೊತ್ತಿಗೆ ಅಳಿದಾಗ ಅರಸರ ಕಾಮಗಾರಿ ಹೂಳಿನಲ್ಲಿ ಮುಚ್ಚಿತು. ಅಜ್ಜಿಯ ಬಾಯಿಂದ ಮೊಮ್ಮಗಳ ಕಿವಿಗೆ ದಾಟಿದ ಕಥೆ ಮಾತ್ರ ಗುಹೆಯನ್ನು ಕಾಯಿತು. ಐತಿಹ್ಯಗಳನ್ನು ಕಟ್ಟುಕಥೆಗಳೆಂದು ತಳ್ಳಿಹಾಕುವ ವಿಚಾರವಂತರೂ, ಅಕ್ಷರಶಃ ನಡೆದ ಇತಿಹಾಸವೆಂದು ಹಟ ಹಿಡಿಯುವ ಭಕ್ತರೂ ಈ ಅಂಶವನ್ನು ಗಮನಿಸಬೇಕು. ನೀರು ಎಲ್ಲಿದೆ, ಅದಕ್ಕೆ ಎಷ್ಟು ಗೌರವ ಸಲ್ಲಬೇಕು ಎಂಬ ತಿಳಿವಳಿಕೆಯನ್ನು ಓದುಬರಹ ಬಲ್ಲದ ಸಮಾಜವೊಂದು ಕಥೆಯ ರೂಪದಲ್ಲಿ ಕಾಪಿಟ್ಟುಕೊಂಡಿತ್ತು.

ಆದರೆ ಈ ಕಥೆಗಳಿಗೊಂದು ಮಿತಿಯೂ ಇದೆ. ಅವು ನೀರು ಹೊರಬರುವ ಬಾಯಿಯನ್ನು ಪವಿತ್ರಗೊಳಿಸಿವೆ; ನೀರು ಒಳಗಿಳಿಯುವ ನೆಲವನ್ನು ಪವಿತ್ರಗೊಳಿಸಿಲ್ಲ. ಝರಿಯ ಮುಂದೆ ನಾವು ಚಪ್ಪಲಿ ಬಿಡುತ್ತೇವೆ. ಅದೇ ಝರಿಗೆ ನೀರೂಡುವ ಮೇಲಿನ ಬಯಲಿನಲ್ಲಿ ನಿವೇಶನ ಮಾಡುತ್ತೇವೆ, ಕಾಂಕ್ರೀಟು ಹಾಸುತ್ತೇವೆ, ಕೊಳವೆಬಾವಿ ಕೊರೆಯುತ್ತೇವೆ, ಬಚ್ಚಲ ನೀರನ್ನು ಇಂಗುಗುಂಡಿಗೆ ಬಿಡುತ್ತೇವೆ. ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದ ಚಿದ್ರಿ ಈಗ ಬೀದರಿನ ಬಡಾವಣೆ. ನೌಬಾದಿನ ಕಥೆಯೂ ಬೇರೆಯಲ್ಲ. ನಗರ ಬೆಳೆಯುವುದು ತಪ್ಪಲ್ಲ. ಜಂಬಿಟ್ಟಿಗೆಯ ನೆಲ ಮಾತ್ರ ನೀರನ್ನು ಎಷ್ಟು ಬೇಗ ಹೀರುತ್ತದೆಯೋ ಹೊಲಸನ್ನೂ ಅಷ್ಟೇ ಬೇಗ ಹೀರುತ್ತದೆ ಎಂಬುದನ್ನು ನೆನಪಿಡಬೇಕು. ಮೇಲೆ ಸುರಿದದ್ದು ಕೆಳಗೆ ತೀರ್ಥವಾಗಿ ಕೈಗೆ ಬರುತ್ತದೆ.

2016ರ ಬೇಸಿಗೆಯಲ್ಲಿ ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಬೇಕಾಗಿ ಬಂದದ್ದನ್ನು ಈ ಭಾಗದ ಜನ ಮರೆತಿರಲಾರರು. ಬೀದರ, ಭಾಲ್ಕಿ, ಔರಾದ ಸೀಮೆಗೆ ಬರ ಹೊಸದಲ್ಲ. ಕಾರಂಜಾ ಜಲಾಶಯ ಬರಿದಾಗುವ ವರ್ಷಗಳಲ್ಲಿ ಊರಿನ ಬಗಲಲ್ಲೇ ಇರುವ ಈ ಝರಿಗಳ ಬೆಲೆ ತಿಳಿಯುತ್ತದೆ. ದೇವಸ್ಥಾನದ ಆವರಣಕ್ಕೆ ಕಲ್ಲು ಹಾಸುವುದು, ಮಹಾದ್ವಾರ ಕಟ್ಟುವುದು, ದೀಪ ಹಾಕುವುದು ಕ್ಷೇತ್ರದ ಅಭಿವೃದ್ಧಿಯೆಂದು ನಾವು ಭಾವಿಸಿದ್ದೇವೆ. ನಿಜವಾದ ಅಭಿವೃದ್ಧಿ ಗುಡ್ಡದ ಮೇಲಿನಿಂದ ಆರಂಭವಾಗಬೇಕು. ಪ್ರತಿ ಝರಿಗೂ ನೀರು ಬರುವ ಪ್ರದೇಶವನ್ನು ಗುರುತಿಸಿ ನಗರ ಯೋಜನೆಯ ನಕ್ಷೆಯಲ್ಲಿ ದಾಖಲಿಸಬೇಕು. ಅಲ್ಲಿ ಹೊಸ ಕೊಳವೆಬಾವಿಗೆ ಕಡಿವಾಣ, ಮಳೆನೀರು ಇಂಗಿಸುವುದು ಕಡ್ಡಾಯ, ಮುಚ್ಚಿದ ಚರಂಡಿ ವ್ಯವಸ್ಥೆ ಇರಬೇಕು. ಕಾರೇಜಿನ ಬಾವಿಗಳ ಸುತ್ತ ಕಟ್ಟಡ ಏಳದಂತೆ ನೋಡಿಕೊಳ್ಳಬೇಕು.

ಇದಕ್ಕೆ ಬೇಕಾದ ಸೌಹಾರ್ದದ ಬುನಾದಿ ಬೀದರಿನಲ್ಲಿ ಹಿಂದಿನಿಂದಲೂ ಇದೆ. ಅಷ್ಟೂರಿನಲ್ಲಿರುವ ಅಹಮದ್ ಷಾನ ಸಮಾಧಿಗೆ ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಹೆಸರಿನಲ್ಲಿ ನಡೆದುಕೊಳ್ಳುತ್ತಾರೆ. ಅಲ್ಲಿನ ಜಾತ್ರೆಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುವ ಸಂಪ್ರದಾಯವಿದೆ. ನರಸಿಂಹನ ಝರಿ, ಶಿವನ ಕೊಳ, ನಾನಕರ ಚಿಲುಮೆ, ಸುಲ್ತಾನನ ಕಾರೇಜು ಎಂದು ಮೇಲೆ ನಾವು ಎಷ್ಟೇ ಹೆಸರಿಟ್ಟರೂ ಕೆಳಗೆ ಜಂಬಿಟ್ಟಿಗೆಯ ಪದರ ಒಂದೇ. ಒಂದು ಕಡೆ ಬತ್ತಿದರೆ ಇನ್ನೊಂದು ಕಡೆ ಉಳಿದೀತೆಂಬ ಭರವಸೆಯಿಲ್ಲ.

ಸಾಯುವ ಹೊತ್ತಿನಲ್ಲಿ ಜಲಾಸುರ ಬೇಡಿದ್ದು ಸ್ವಾಮಿ ಈ ಗುಹೆಯಲ್ಲಿಯೇ ನೆಲೆಸಿ ಭಕ್ತರ ಇಷ್ಟಾರ್ಥ ಸಲ್ಲಿಸಬೇಕೆಂದು. ಕಥೆಯ ಪ್ರಕಾರ ಆ ವರವನ್ನು ಸ್ವಾಮಿ ಕೊಟ್ಟಾಗಿದೆ. ಅದನ್ನು ಉಳಿಸಿಕೊಡುವ ಹೊಣೆ ಗುಡ್ಡದ ಮೇಲೆ ಮನೆ ಕಟ್ಟಿಕೊಂಡಿರುವ ನಮ್ಮದು.